ಪ್ಯಾಸೆಂಜರ್ ಬಾಗಿಲಿನ ತೂತು

ಕಾರು ಓಡಿಸುತ್ತಿದ್ದ ಬಂಡೆಪ್ಪನ ತೊಡೆಯ ಮೇಲೆ ಟವೆಲ್. ಟವೆಲಿನ ಕೆಳಗೆ ಪಿಸ್ತೂಲು. ಅದರ ಮೂತಿ ನನ್ನ ಪಕ್ಕೆಲುಬಿನ ಕಡೆಗೆ.

ಮಲ್ಕಾಜ್‌ಗಿರಿಯ ಮಟಮಟ ಮಧ್ಯಾಹ್ನ. ಮೇಲೆ ಹುಡ್ ಇಲ್ಲದ, ಅರ್ಧ ಬಣ್ಣ ಕೆರೆದ, ಎರಡೇ ಸೀಟಿನ ಹಳೇ ಎಂಜಿ ಕಾರು. ಸ್ಕೂಟರಿನವನೊಬ್ಬ ಪಕ್ಕಕ್ಕೇ ಬಂದು ಹೆಬ್ಬೆರಳು ಎತ್ತಿ ತೋರಿಸಿದ.

ನಾನು ನಕ್ಕೆ. ನಗಬೇಕೆಂದು ಬಂಡೆಪ್ಪನ ಅಪ್ಪಣೆಯಾಗಿತ್ತು.

ಎಲ್ಲರೂ ಕಾರು ನೋಡಿದರು... ನನ್ನ ಮುಖ ಯಾರೂ ನೋಡಲಿಲ್ಲ.

ಗೇರ್ ಹಾಕುವಾಗ ಮಾತ್ರ ಅವನ ಎಡಗೈ ಟವೆಲ್ ಬಿಡುತ್ತಿತ್ತು. ಪ್ರತಿ ಸಲವೂ ಹಾರಿಬಿಡೋಣ ಅಂದುಕೊಂಡೆ. ಪ್ರತಿ ಸಲವೂ ಕಾಲು ಒಲ್ಲೆ ಅಂದಿತು. ಹಿಂದೆ ಬೈಕಿನಲ್ಲಿ ಅವನ ಆಳು ಮಲ್ಲಪ್ಪ ಬೇರೆ.

ನಾನು ಧೈರ್ಯಸ್ಥೆ ಅಲ್ಲ. ಮೊದಲೇ ಹೇಳಿಬಿಡುತ್ತೇನೆ.

ಆದರೆ ಸುಳ್ಳು ಹಿಡಿಯುವುದು ನನ್ನ ಉದ್ಯೋಗ. ಮಾಧಾಪುರದ ಕಂಪನಿಯೊಂದರಲ್ಲಿ ಬ್ಯಾಕ್‌ಗ್ರೌಂಡ್ ಚೆಕ್. ಆಗ ಹೈದರಾಬಾದಿಗೆ ಬಂದಿಳಿಯುತ್ತಿದ್ದ ಹುಡುಗರ ರೆಸ್ಯೂಮೆ ತುಂಬ ಇಲ್ಲದ ಕಂಪನಿಗಳ ಅನುಭವ. ಹಿಂದೆ ಕೆಲಸ ಕೊಟ್ಟವರಿಗೆ ಫೋನ್ ಮಾಡು, ಕೇಳು, ಟಿಕ್ ಹಾಕು. ಮುಖ ತೋರಿಸಬೇಕಿಲ್ಲ. ನನ್ನಂಥ ಸಂಕೋಚದವಳಿಗೆ ಹೇಳಿ ಮಾಡಿಸಿದ ಕೆಲಸ.

ಕಾರನ್ನು ಸನತ್‌ನಗರದ ಬಂಡೆಪ್ಪನ ಗುಜರಿಯಿಂದ ತಂದಿದ್ದೆ. ಶಿವದೇವಿ ಅತ್ತೆಯ ಮನೆಯ ಹಿಂದಿನ ಶೆಡ್ಡಿನಲ್ಲಿ, ರಜೆ ಸಿಕ್ಕಾಗಲೆಲ್ಲ ಒಂದೊಂದೇ ಬೋಲ್ಟು ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದೆ. ಎರಡೂ ಕಾರ್ಬುರೇಟರ್ ಹೊಂದಿಸಿದ ದಿನ, ಪಕ್ಕದ ಮನೆಯವರ ಬ್ಯಾಟರಿ ಕಡ ತಂದು ಇಂಜಿನ್ ಗುರುಗುಟ್ಟಿಸಿದೆ.

"ಗಂಡನ್ನ ಹುಡುಕ್ಕೋ ಕುಮುದಾ ಅಂದ್ರ, ಗುಜರಿ ಹುಡುಕ್ಕೊಂಡು ಬಂದೀ," ಅಂದಿದ್ದರು ಅತ್ತೆ.

ಆ ಶನಿವಾರ ಪ್ಯಾಸೆಂಜರ್ ಬಾಗಿಲು ಉಜ್ಜುತ್ತಿದ್ದೆ. ಬಣ್ಣದ ಕೆಳಗೆ ತಗ್ಗು ಮುಚ್ಚಲು ಮೆತ್ತಿದ ದಪ್ಪ ಪುಟ್ಟಿ. ಪುಟ್ಟಿ ಉದುರಿತು.

ತೂತು.

ಕಿರುಬೆರಳು ಹೋಗುವಷ್ಟು. ತಗಡಿನ ಅಂಚು ಹೊರಕ್ಕೆ ಬಾಗಿತ್ತು. ಅಂದರೆ ಗುಂಡು ಒಳಗಿನಿಂದ ಬಂದದ್ದು... ಸೀಟಿನಲ್ಲಿ ಕೂತವರ ಪಕ್ಕೆಯನ್ನು ದಾಟಿಕೊಂಡು.

ಬೇರೆ ಯಾರಾದರೂ ಪೊಲೀಸರಿಗೆ ಹೇಳುತ್ತಿದ್ದರು. ನನ್ನ ಕೈ ಅಭ್ಯಾಸಬಲದಿಂದ ಕಾರಿನ ಹಳೇ ಯಜಮಾನನಿಗೆ ಫೋನ್ ಮಾಡಿತು!

ಬಂಡೆಪ್ಪ ಬಲು ಮೆತ್ತಗೆ ಕೇಳಿದ.

"ಯಾರಿಗರ ತೋರ್ಸೀ ಏನು, ತಂಗಿ?"

"ಯಾರಿಗೂ ಇಲ್ಲರಿ."

"ಛಲೋ ಆತು. ಬಂದು ನೋಡ್ತೀನಿ."

ಬಂದ. ಅತ್ತೆ ಸುಲ್ತಾನ್ ಬಜಾರಿಗೆ ಹೋಗಿದ್ದರು. ನಮ್ಮ ಓಣಿಗೆ ಲಾರಿ ಹೋಗಲಿ, ಆಟೋ ಬರುವುದೇ ಕಷ್ಟ. ಹಾಗಾಗಿ ಕಾರನ್ನು ಓಡಿಸಿಕೊಂಡೇ ಹೋಗಲು ಮಲ್ಲಪ್ಪನ ಕೈಯಲ್ಲಿ ಹೊಸ ಬ್ಯಾಟರಿ ಹೊರಿಸಿಕೊಂಡು ಬಂದಿದ್ದ. ಪಿಸ್ತೂಲು ತೋರಿಸಿ, ನನ್ನನ್ನೂ ಗುಜರಿಗೇ ಒಯ್ಯುತ್ತೇನೆ ಅಂದ. ಅಲ್ಲಿ ಗ್ಯಾಸ್ ಕಟರ್ ಇದೆಯಂತೆ. ಕಾರು ಚೂರಾದ ಮೇಲೆ ನನಗೇನು ಅಂತ ಅವನು ಹೇಳಲಿಲ್ಲ. ನಾನು ಕೇಳಲಿಲ್ಲ.

ಮಲ್ಲಪ್ಪ ಸೀಟಿನ ಹಿಂದಿನ ಗುಂಡಿಯಲ್ಲಿ ಬ್ಯಾಟರಿ ಇಳಿಸಿದ. ಎಲ್ಲ ಕಾರಿಗೂ ಮಾಡುವ ಹಾಗೆ ಮೈನಸ್ ತಂತಿಯನ್ನು ಕಾರಿನ ಮೈತಗಡಿಗೆ ಕೊಟ್ಟ.

ನಾನು ಆ ತಂತಿಯನ್ನೇ ನೋಡಿದೆ.

ಆ ಕಾಲದ ಬ್ರಿಟಿಷ್ ಕಾರುಗಳು ಉಲ್ಟಾ. ಮೈತಗಡಿಗೆ ಹೋಗಬೇಕಾದ್ದು ಪ್ಲಸ್. ತಪ್ಪಾಗಿ ಕೊಟ್ಟರೂ ಇಂಜಿನ್ ಶುರುವಾಗುತ್ತದೆ. ಆದರೆ ಓಡುತ್ತ ಓಡುತ್ತ, ಚಾರ್ಜ್ ಮಾಡಬೇಕಾದ ಡೈನಮೋ ಬ್ಯಾಟರಿಯ ಮೇಲೇ ತಿರುಗಿಬೀಳುತ್ತದೆ, ವೈರುಗಳು ಕಾಯುತ್ತವೆ. ಹೊತ್ತಿದರೆ ನಾನೂ ಒಳಗೇ. ಹೊತ್ತದಿದ್ದರೆ ಸನತ್‌ನಗರ.

ನನಗೆ ಎರಡೂ ಬೇಡವಾಗಿತ್ತು. ಬಾಯಿ ತೆರೆಯುವಷ್ಟರಲ್ಲಿ ಬಂಡೆಪ್ಪ ಪಿಸ್ತೂಲು ಆಡಿಸಿ, ಸುಮ್ಮನೆ ಕೂಡು ಅಂದ.

ಹಾಗೆ ಹೊರಟೆವು. ರೈಲ್ವೆ ಗೇಟ್ ಹತ್ತಿರ ಬರುವ ಹೊತ್ತಿಗೆ ಮೊದಲ ವಾಸನೆ ಬಂತು. ಸುಟ್ಟ ರಬ್ಬರ್. ಬಂಡೆಪ್ಪ ಮೂಗು ಅರಳಿಸಿದ.

"ಏನದು?"

"ಹಳೇ ಕಾರಲ್ರಿ," ಅಂದೆ. ನನ್ನ ದನಿ ನನಗೇ ಕೇಳಲಿಲ್ಲ.

ಗೇಟ್ ಬಿತ್ತು. ಮುಂದೆ ಬಸ್, ಹಿಂದೆ ಆಟೋಗಳ ಸಾಲು. ಮಲ್ಲಪ್ಪ ಎಲ್ಲೋ ಹಿಂದೆ ಸಿಕ್ಕಿಬಿದ್ದಿದ್ದ. ಡ್ಯಾಶ್‌ಬೋರ್ಡಿನ ಕೆಳಗಿಂದ ಬಿಳಿ ಹೊಗೆ... ಆಮೇಲೆ ಕಪ್ಪು ಹೊಗೆ... ಆಮೇಲೆ ಬಂಡೆಪ್ಪನ ಮೊಣಕಾಲ ಹತ್ತಿರ ಕಿತ್ತಳೆ ಬಣ್ಣದ ನಾಲಿಗೆ!

ಪ್ಯಾಂಟಿಗೆ ಕಿಡಿ ಹತ್ತಿತು. ಅವನು ಕೂಗಿಕೊಂಡು ಹೊರಗೆ ಬಿದ್ದ. ಟವೆಲ್ ಜಾರಿತು. ಪಿಸ್ತೂಲು ಡಾಂಬರಿನ ಮೇಲೆ ಠಣ್ ಎಂದು ಬಿತ್ತು.

ಈಗ ಜನ ಕಾರು ನೋಡಲಿಲ್ಲ. ಪಿಸ್ತೂಲು ನೋಡಿ ಬಂಡೆಪ್ಪನನ್ನು ಅಮುಕಿ ಹಿಡಿದರು.

ಓಡಬೇಕಿತ್ತು. ಆದರೆ ಕಾರು ಪೂರಾ ಉರಿದುಹೋದರೆ ಆ ಬಾಗಿಲೂ ಹೋಗುತ್ತದೆ. ಸಾಕ್ಷಿ ಇಲ್ಲವೆಂದು ನಾಳೆ ಬಂಡೆಪ್ಪ ಬಿಡುಗಡೆಯಾಗಿ ಬರುತ್ತಾನೆ, ಮತ್ತೆ ಶೆಡ್ಡಿಗೆ ಬರುತ್ತಾನೆ. ಅಳುತ್ತಲೇ ಸೀಟಿನ ಹಿಂದೆ ಕೈಹಾಕಿದೆ. ಮಲ್ಲಪ್ಪ ಅವಸರದಲ್ಲಿ ನಟ್ ಬಿಗಿ ಮಾಡಿರಲಿಲ್ಲ. ಬ್ಯಾಟರಿಯ ಕಾದ ತಂತಿಯನ್ನು ಬರಿಗೈಯಲ್ಲಿ ಕಿತ್ತೆ. ಅಂಗೈ ಚುರ್ರೆಂದಿತು. ಯಾರೋ ಗೇಟ್‌ಮ್ಯಾನ್ ಕೋಣೆಯಿಂದ ಮರಳಿನ ಬಕೆಟ್ ತಂದು ಸುರಿದರು.

ಬಾಗಿಲು ಉಳಿಯಿತು. ನಾನೂ.

ಬಂಡೆಪ್ಪನ ಪಾಲುದಾರ ಸೂಗಪ್ಪ ದುಬೈಗೆ ಹೋಗಿದ್ದಾನೆ ಅಂತ ಗುಜರಿಯಲ್ಲಿ ಎಲ್ಲರೂ ನಂಬಿದ್ದರಂತೆ. ಸಂಜೆಯ ಹೊತ್ತಿಗೆ ಮಲ್ಲಪ್ಪ ಪೊಲೀಸರಿಗೆ ಗುಜರಿಯ ಅಂಗಳದಲ್ಲಿ ಅಗೆಯಬೇಕಾದ ಜಾಗ ತೋರಿಸಿದ.

ಇನ್‌ಸ್ಪೆಕ್ಟರ್ ರಾಘವೇಂದ್ರ ರಾಯಚೂರಿನವರು. ನನ್ನ ಅಂಗೈಗೆ ಪಟ್ಟಿ ಕಟ್ಟಿಸಿ, ಚಹಾ ತರಿಸಿದರು. ಗ್ಲಾಸು ಹಿಡಿಯಲಾರದೆ ಚಹಾ ಮೇಜಿನ ಮೇಲೆ ಚೆಲ್ಲಿದೆ.

"ತಂತಿ ಉಲ್ಟಾ ಕೊಟ್ಟಾನಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು, ಸರ್."

"ಮತ್ತ, ಅಂವಗ ಯಾಕ ಹೇಳಲಿಲ್ಲ?"

"ಬಾಯಿ ಮುಚ್ಕೊಂಡು ಕೂಡು ಅಂದಿದ್ರು, ಸರ್. ಕೂತೆ."