ಕೆಂಪು ದೀಪದ ಬೋಗಿ

ಶಾಲೆಯ ಕಪಾಟಿನ ಮೇಲೆ ಗೇಣುದ್ದದ ರೈಲುಬೋಗಿಯೊಂದು ನಿಂತಿತ್ತು. ಅದರ ಹಿಂಬದಿಯ ದೀಪ ಹಸಿರಾಗಿರಬೇಕಿತ್ತು, ಕೆಂಪಗೆ ಉರಿಯುತ್ತಿತ್ತು. ಅಂದರೆ ಬೋಗಿ ವೇಳೆ ತಪ್ಪಿದೆ.

ಹಿಂದೆ ಮದರಾಸಿಗೊಂದು, ಮುಂಬಯಿಗೊಂದು, ಕಲ್ಕತ್ತೆಗೊಂದು ವೇಳೆಯಿತ್ತು. ಅವನ್ನೆಲ್ಲ ಒಂದು ಮಾಡಿಕೊಳ್ಳಿರೆಂದು ಊರುಗಳ ಬೆನ್ನು ಹತ್ತಿದ್ದು ರೈಲು. ಆ ಇತಿಹಾಸದ ನೆನಪಿಗೆಂದು ಕೋಲಾರದ ಕಾರ್ಖಾನೆಯೊಂದು ಹಳೆಯ ಬೋಗಿಗಳ ಮಾದರಿ ಮಾಡಿ, ಒಳಗೆ ಅಣುಗಡಿಯಾರ ಕೂರಿಸಿ ಮಾರುತ್ತಿತ್ತು. ಸಂಗ್ರಹಕಾರರ ಮನೆಗಳಲ್ಲೂ ಶಾಲೆಗಳಲ್ಲೂ ಇದ್ದ ಎರಡು ಲಕ್ಷ ಬೋಗಿಗಳು ರೇಡಿಯೋ ಅಲೆಗಳಲ್ಲಿ ಒಂದನ್ನೊಂದು ವಿಚಾರಿಸಿಕೊಂಡು ಒಪ್ಪಿದ ವೇಳೆಯೇ ಈಗ ದೇಶದ ವೇಳೆ. ಪ್ರತಿ ಬೋಗಿಯ ಅಡಿಯಲ್ಲೂ ಜೋಡಿಸಿದವರ ಹೆಸರಿರುತ್ತಿತ್ತು. ಒಂದೇ ಒಂದು ಕೆಂಪಾಗಿ ವಾಪಸು ಬಂದರೂ ಆ ಹೆಸರಿಗೆ ಕಾರ್ಖಾನೆಯಲ್ಲಿ ಜಾಗವಿಲ್ಲ.

ಈ ಬೋಗಿ ಜೋಡಿಸಿದವಳು ಮುನಿರತ್ನಮ್ಮ. ಇಪ್ಪತ್ತು ವರ್ಷದಲ್ಲಿ ತನ್ನ ಕೈ ತಪ್ಪಿಲ್ಲವೆಂಬ ಹೆಮ್ಮೆಯವಳು. ಕಾರ್ಖಾನೆಯ ಗಡಿಯಾರ ವಿಜ್ಞಾನಿ ಡಾ. ಫಿಲೋಮಿನಾ ಅದನ್ನು ಒಯ್ಯಲು ಹೊರಟಾಗ ಕರೆಯದಿದ್ದರೂ ವ್ಯಾನು ಹತ್ತಿದ್ದಳು.

ಭೂಮಿಗೆ ಹತ್ತಿರವಾದಷ್ಟೂ ಕಾಲ ಇಷ್ಟೇ ಇಷ್ಟು ನಿಧಾನವಾಗುತ್ತದೆ, ಅದಕ್ಕೇ ಬೋಗಿ ಇಡುವ ದಿನ ಜಾಗದ ಎತ್ತರ ಅಳೆದು ಗಡಿಯಾರಕ್ಕೆ ತಿಳಿಸಿರುತ್ತೇವೆ ಎಂದು ಫಿಲೋಮಿನಾ ದಾರಿಯುದ್ದಕ್ಕೂ ವಿವರಿಸಿದ್ದಳು. ಆದರೂ ಇದು ನಿಧಾನವಾಗಿದೆ, ಆದ್ದರಿಂದ ಜೋಡಣೆಯೇ ಕೆಟ್ಟಿದೆ ಎಂಬುದು ಅವಳ ತೀರ್ಮಾನ.

ಶಾಲೆ ತಲುಪಿದ್ದೇ ರತ್ನಮ್ಮ ಕಪಾಟಿನತ್ತ ನಡೆದಳು. ಬೋಗಿಯ ಕೆಳಗೆ ಒಂದು ಪಾಠಪುಸ್ತಕ ಇಟ್ಟು ದೀಪ ನೋಡಿದಳು. ಇನ್ನೊಂದು ಇಟ್ಟಳು. ಬೋಗಿಗೂ ಪಾಠ ಹೇಳ್ತೀಯೇನಮ್ಮ ಎಂದು ಮೇಷ್ಟರು ನಕ್ಕರು. ಆರನೆಯ ಪುಸ್ತಕಕ್ಕೆ, ನಾಲ್ಕು ಬೆರಳೆತ್ತರದಲ್ಲಿ, ದೀಪ ಹಸಿರಾಯಿತು.

“ನೋಡಿ ಮೇಡಂ. ನನ್ ಬೋಗಿ ಸರಿಯಾಗೇ ಐತೆ. ನೆಲಾನೇ ಕೆಳಕ್ ಹೋಗೈತೆ.”

ಫಿಲೋಮಿನಾಳ ಮುಖ ಬಿಳಿಚಿತು. ಶಾಲೆಯ ಅಡಿಯಲ್ಲಿ ಮುಚ್ಚಿದ ಚಿನ್ನದ ಗಣಿಯಿತ್ತು. ಗೋಡೆಯಲ್ಲೊಂದು ಬಿರುಕೂ ಕಾಣದಂತೆ ಇಡೀ ಕಟ್ಟಡ ಸಮನಾಗಿ ಇಳಿದಿತ್ತು.

“ಮಕ್ಕಳನ್ನ ಈಗಲೇ ಹೊರಗೆ ಕಳಿಸಿ ಸಾರ್,” ಎಂದಳು.

ಮೂರನೆಯ ದಿನ ಶಾಲೆ ಅಂಗಳಸಮೇತ ಭೂಮಿಯೊಳಗೆ ಹೋಯಿತು. ಅಷ್ಟರಲ್ಲಿ ಬೀದಿಗೆ ಬೀದಿಯೇ ಖಾಲಿಯಾಗಿತ್ತು. ಒಂದು ಕೋಳಿಯೂ ಸಾಯಲಿಲ್ಲ.

ಕಾರ್ಖಾನೆಯವರು ರತ್ನಮ್ಮನಿಗೆ ಹಾರ ಹಾಕಿದರು. ಅವಳು ಆ ಹಾರದಲ್ಲೇ ವಾಪಸಾದ ಬೋಗಿಗಳ ಕೋಣೆಗೆ ನಡೆದಳು. ಕೆಟ್ಟವೆಂದು ತಂದು ಒಟ್ಟಿದ್ದ ನಾನೂರು ಬೋಗಿಗಳನ್ನು ಯಾರೂ ಮತ್ತೆ ಹಚ್ಚಿ ನೋಡಿರಲಿಲ್ಲ. ಫಿಲೋಮಿನಾ ಕೋಣೆಯ ಎತ್ತರ ತಿಳಿಸಿ ಹಚ್ಚುತ್ತ ಹೋದಂತೆ ಒಂದಾದ ಮೇಲೊಂದು ಹಸಿರಾಗಿ ಹೊತ್ತಿಕೊಂಡವು. ಪ್ರತಿಯೊಂದಕ್ಕೂ ಒಂದು ಮನೆಯ ವಿಳಾಸದ ಚೀಟಿಯಿತ್ತು.

ರತ್ನಮ್ಮ ಒಂದನ್ನು ಕೈಗೆತ್ತಿಕೊಂಡಳು. ಅಡಿಯ ಹೆಸರು ಓದಬೇಕಾಗಿರಲಿಲ್ಲ. ತಿರುಪು ಕೂರಿಸಿದ ರೀತಿಯೇ ಹೇಳುತ್ತಿತ್ತು: ತನಗೆ ಕೆಲಸ ಕಲಿಸಿದ ಕೆಂಪಕ್ಕನ ಕೈ. ಆರು ವರ್ಷದ ಹಿಂದೆ ತಲೆ ತಗ್ಗಿಸಿ ಗೇಟು ದಾಟಿದವಳು.

“ನೀವು ಈ ಮನೆಗಳಿಗೆ ಹೊರಡಿ ಮೇಡಂ,” ಎಂದಳು. “ನಾನು ಕೆಂಪಕ್ಕನ್ನ ಕರ್ಕೊಂಬತ್ತೀನಿ.”

ಹಾರವನ್ನು ಕೊರಳಿಂದ ತೆಗೆದು, ಹೂ ನಲುಗದಂತೆ ಸೆರಗಿನಲ್ಲಿ ಸುತ್ತಿಕೊಂಡಳು.