ಕೊನೆ ಕೋಣೆಯ ಸರದಿ

ಕಂಪ್ಯೂಟರಿನ ಪರದೆಯ ಮೇಲೆ ಬಿಳಿ ಚಕ್ರ ಸುತ್ತುತ್ತಲೇ ಇತ್ತು. ಧನುಶ್ರೀ ಗಲ್ಲಕ್ಕೆ ಕೈಕೊಟ್ಟು ಅದನ್ನೇ ನೋಡುತ್ತಿದ್ದಳು.

ಚಕ್ರ ಸುತ್ತುವುದು ಅವಳಿಗೆ ಹೊಸದಲ್ಲ. ಅವಳ ಚಿಂತೆ ಬೇರೆ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ತನಗೆ ತಾನೇ ಮೆಲ್ಲಗೆ ಹೇಳಿಕೊಂಡಳು: ನಂಗೆ ಕೇಳೋಕೇ ಬರಲ್ಲ.

ಅದು ನಿಜವೇ. ಊಟಕ್ಕೆ ಕೂತಾಗ ಇನ್ನರ್ಧ ಮುದ್ದೆ ಬೇಕೇನೇ ಎಂದು ಅಮ್ಮ ಕೇಳಿದರೆ ಬೇಡ ಎಂದುಬಿಡುತ್ತಿದ್ದಳು. ಮಲಗಿದ ಮೇಲೆ ಹೊಟ್ಟೆ ಗುರ್ರೆನ್ನುತ್ತಿತ್ತು. ಯಾರಿಗೆ ಲೆಕ್ಕ ಅರ್ಥವಾಗಿಲ್ಲ ಎಂದು ಕ್ಲಾಸಿನಲ್ಲಿ ಸರ್ ಕೇಳಿದರೆ ಅವಳ ಕೈ ಮೇಲೇಳುತ್ತಲೇ ಇರಲಿಲ್ಲ. ಪಕ್ಕದಲ್ಲಿ ಕೂತ ಸ್ನೇಹ ತನ್ನ ಕೈ ಎತ್ತಿ, ಧನುಶ್ರೀಗೆ ಅರ್ಥ ಆಗಿಲ್ಲ ಸರ್, ಎನ್ನುತ್ತಿದ್ದಳು.

ಆ ಸ್ನೇಹ ಈಗ ಪಕ್ಕದಲ್ಲಿರಲಿಲ್ಲ. ಅವಳ ಅಪ್ಪ ಲೈನ್‌ಮನ್. ಅವರಿಗೆ ನಾಗಮಂಗಲಕ್ಕೆ ವರ್ಗವಾಗಿ ಮನೆಯವರೆಲ್ಲ ಹೊರಟುಹೋಗಿದ್ದರು. ಬಾಬುರಾಯನಕೊಪ್ಪಲಿನಲ್ಲಿ ಉಳಿದದ್ದು ಧನುಶ್ರೀ ಮತ್ತು ಅವರಿಬ್ಬರೂ ಸೇರಿ ಮಾಡಿದ ಪ್ರಾಜೆಕ್ಟು.

ಪ್ರಾಜೆಕ್ಟು ಎಂದರೆ ಸಸಿ ಬೆಳೆಸುವ ಪುಟ್ಟ ಕುಂಡಗಳು. ಕಬ್ಬಿನ ಹಾಲು ಹಿಂಡಿದ ಮೇಲೆ ಉಳಿಯುವ ರಚ್ಚನ್ನು ಶ್ರೀರಂಗಪಟ್ಟಣದ ಜ್ಯೂಸ್ ಅಂಗಡಿಯಿಂದ ತಂದು, ಕೊಚ್ಚಿ, ನೆನೆಸಿ, ರಾಗಿ ಗಂಜಿ ಕಲಸಿ, ಲೋಟದ ಸುತ್ತ ಮೆತ್ತಿ ಒಣಗಿಸಿದ್ದರು. ಕುಂಡದ ಸಮೇತ ಸಸಿಯನ್ನು ನೆಟ್ಟರೆ ಕುಂಡ ಮಣ್ಣಿನಲ್ಲೇ ಕರಗಿಹೋಗುತ್ತದೆ. ಪ್ಲಾಸ್ಟಿಕ್ ಕವರು ಬೇಕಾಗುವುದಿಲ್ಲ. ಶಾಲೆಯಲ್ಲಿ ಗೆದ್ದಿದ್ದರು. ಜಿಲ್ಲೆಯ ಆಯ್ಕೆ ಬರುವ ಭಾನುವಾರ ಬೆಳಿಗ್ಗೆ ಆನ್‌ಲೈನಿನಲ್ಲಿ ನಡೆಯುವುದಿತ್ತು. ಆಯ್ಕೆಯಾದರೆ ಮುಂದಿನ ಸುತ್ತಿಗೆ ಇಬ್ಬರೂ ಒಟ್ಟಿಗೆ ಮೈಸೂರಿಗೆ ಹೋಗಬಹುದು. ಸ್ನೇಹ ಊರು ಬಿಟ್ಟ ಮೇಲೆ ಅವರು ಒಟ್ಟಿಗೆ ಎಲ್ಲಿಗೂ ಹೋಗಿರಲಿಲ್ಲ.

ಚಕ್ರ ನಿಂತಿತು. ಪರದೆಯಲ್ಲಿ ಸ್ನೇಹಳ ಮುಖ ಕಾಣಿಸಿತು.

"ಎಷ್ಟೊತ್ತೇ? ಸರಿ, ಅಭ್ಯಾಸ ಶುರು ಮಾಡಣ. ನಾನು ಮಾತಾಡ್ತೀನಿ, ನೀನು ಕುಂಡ ತೋರ್ಸು," ಎಂದಳು ಸ್ನೇಹ.

ಧನುಶ್ರೀ ಒಂದು ಕುಂಡ ಎತ್ತಿ ಹಿಡಿದು, ಇದನ್ನು ಒಣಗಿಸೋಕೆ ನೆರಳೇ ಬೇಕು, ಎಂದು ಶುರು ಮಾಡಿದಳು. ಅಷ್ಟರಲ್ಲಿ ಸ್ನೇಹಳ ಮುಖ ಚೌಕ ಚೌಕವಾಗಿ ಒಡೆಯಿತು. ಆಮೇಲೆ ದನಿ ಮಾತ್ರ ಬಂತು.

"ನಿನ್ ಬಾಯಿ ತೆರ್ಕಂಡೇ ನಿಂತೋಯ್ತು ಕಣೇ. ಮೀನು ಇದ್ದಂಗಿದ್ದೀಯ. ಭಾನುವಾರ ಇಂಗೇ ಆದ್ರೆ ನಾವು ಔಟು. ಕುಂಡ ಎಲ್ಲ ನಿನ್ ಹತ್ರವೇ ಅವೆ, ನಾನೊಬ್ಳೇ ಏನ್ ತೋರ್ಸ್ಲಿ? ಮನೇಲಿ ಹೇಳೇ."

ಹೇಳ್ತೀನಿ ಎಂದಳು ಧನುಶ್ರೀ. ಅದು ಸ್ನೇಹಳಿಗೆ ತಲುಪಿತೋ ಇಲ್ಲವೋ, ಸಂಪರ್ಕ ಕಡಿದುಹೋಯಿತು.

ಧನುಶ್ರೀಯ ಮನೆ ರೈಲಿನ ಹಾಗೆ ಉದ್ದ. ಮುಂದಿನ ಕೋಣೆ ಪ್ರಮೀಳಾ ಚಿಕ್ಕಮ್ಮನದು. ನಡುವಿನದು ಚಿಕ್ಕಮ್ಮನ ಮಗ ರಾಹುಲಣ್ಣನದು. ಕೊಟ್ಟಿಗೆಗೆ ಅಂಟಿಕೊಂಡ ಕೊನೆಯ ಕೋಣೆಯಲ್ಲಿ ಧನುಶ್ರೀಯ ಹಳೆಯ ಕಂಪ್ಯೂಟರು ಇತ್ತು. ವೈಫೈ ಡಬ್ಬಿಯನ್ನು ಮುಂದಿನ ಕೋಣೆಯ ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದರು. ಎರಡು ದಪ್ಪ ಮಣ್ಣುಗೋಡೆಗಳನ್ನು ದಾಟಿ ಕೊನೆಯ ಕೋಣೆಗೆ ಬರುವಷ್ಟರಲ್ಲಿ ನೆಟ್ಟು ಸುಸ್ತಾಗಿರುತ್ತಿತ್ತು.

ಆ ದಿನವೇ ಸಂಜೆ ಮುಂದಿನ ಕೋಣೆಯಲ್ಲೂ ನೆಟ್ಟು ಕೈಕೊಟ್ಟು ಜಗಳ ಎದ್ದಿತು. ಚಿಕ್ಕಮ್ಮ ಕಂಪ್ಯೂಟರಿನ ಮುಂದೆ ಕೂತು ಹೆಂಗಸರಿಗೆ ರವಿಕೆಗೆ ಕಸೂತಿ ಹಾಕುವುದನ್ನು ಹೇಳಿಕೊಡುತ್ತಿದ್ದರು. ಕ್ಯಾಮೆರಾ ಅವರ ಬೆರಳುಗಳ ಮೇಲೇ ಇರುತ್ತಿತ್ತು. ನಡುವಿನ ಕೋಣೆಯಲ್ಲಿ ರಾಹುಲ್ ಯಾವುದೋ ದೊಡ್ಡ ಗೇಮ್ ಡೌನ್‌ಲೋಡ್ ಹಾಕಿದ್ದ. ಪಾಠ ನಡುವೆಯೇ ಸಿಕ್ಕಿಕೊಂಡಿತು. ಬೆಳ್ಳೂರಿನ ಒಬ್ಬ ಹೆಂಗಸು ಫೋನ್ ಮಾಡಿ, ಅಕ್ಕಾ, ನಿಮ್ ಸೂಜಿ ಆಗ್ಲಿಂದ ಮ್ಯಾಲೇ ನಿಂತದೆ, ಎಂದಳು. ಚಿಕ್ಕಮ್ಮ ಸೂಜಿಯನ್ನು ಅಲ್ಲೇ ಚುಚ್ಚಿ ಎದ್ದು ಬಂದು ಮಗನಿಗೆ ಬೈದರು. ಮಗ ಕಾಲೇಜಿನ ಅಸೈನ್‌ಮೆಂಟು ಎಂದ. ಅಸೈನ್‌ಮೆಂಟಿನಲ್ಲಿ ಯಾಕ್ಲಾ ಗುಂಡು ಹಾರಿಸ್ತಾವ್ರೆ ಎಂದು ಅವರು ಕೇಳಿದರು.

ಗಲಾಟೆ ಕೇಳಿ ಸೋಮಯ್ಯ ತಾತ ಒಳಗೆ ಬಂದರು. ತಾತ ಬಹಳ ಕಾಲ ಊರಿನ ನೀರ್ಗಂಟಿಯಾಗಿದ್ದವರು. ನಾಲೆಯಲ್ಲಿ ನೀರು ಬಂದಾಗ ಯಾರ ಗದ್ದೆಗೆ ಯಾವಾಗ ಎಂದು ಸರದಿ ಹಾಕಿ, ತೂಬು ಎತ್ತಿ ಇಳಿಸುವ ಕೆಲಸ. ಈಗ ಅದನ್ನು ಬಿಟ್ಟಿದ್ದರೂ ಯಾರಾದರೂ ಕಿತ್ತಾಡಿದರೆ ತಾತನ ಮುಖಕ್ಕೆ ಕಳೆ ಬರುತ್ತಿತ್ತು. ನೆಟ್ಟು ಎಲ್ಲಿಂದ ಬರ್ತದೆ, ಹೆಂಗೆ ಹಂಚ್ಕತದೆ ಎಂದು ವಿಚಾರಿಸಿದರು. ಹೊರಗಿಂದ ಬರುವುದು ಒಂದೇ ಲೈನು, ಅದನ್ನೇ ಮೂರು ಕಂಪ್ಯೂಟರೂ ಎಳೆದುಕೊಳ್ಳುತ್ತವೆ ಎಂದು ರಾಹುಲ್ ವಿವರಿಸಿದ.

"ಅಂಗಾದ್ರೆ ನಾಲೆ ಇದ್ದಂಗೆ ಬುಡು," ಎಂದರು ತಾತ. "ಎಲ್ಲಾ ಒಂದೇ ಸಲ ತೂಬು ಎತ್ತುದ್ರೆ ಯಾರ್ ಗದ್ದೆನೂ ನೆನೆಯಕಿಲ್ಲ. ಸರದಿ ಹಾಕ್ಬೇಕು."

"ಅಂಗಲ್ಲ ತಾತ. ಮೂರೂ ಒಟ್ಗೇ ಓಡ್ತವೆ. ಡೌನ್‌ಲೋಡ್ ಒಂದು ನಿಲ್ಸಿದ್ರೆ ಆಯ್ತು."

"ನಿಲ್ಸುದ್ಯಾ?"

ಸರದಿ ಹಾಕುವುದೇ ಎಂದು ತೀರ್ಮಾನವಾಯಿತು.

ಊಟ ಮುಗಿದ ಮೇಲೆ ಎಲ್ಲರೂ ಜಗಲಿಯಲ್ಲಿ ಸೇರಿದರು. ತಾತ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ತಾನು ಮೊದಲು ಹೇಳುತ್ತೇನೆ ಎಂದು ಚಿಕ್ಕಮ್ಮ ಬಾಯಿ ತೆರೆದರೆ ಕೈ ಅಡ್ಡ ಮಾಡಿ ತಡೆದರು. ನಾಲೆಯ ಪಕ್ಕದ ಗದ್ದೆಯವರು ಹೇಗೂ ನೀರು ಕಟ್ಟಿಕೊಳ್ಳುತ್ತಾರೆ, ಸರದಿ ಹಾಕುವಾಗ ಕೊನೆಯ ಗದ್ದೆಯವರನ್ನೇ ಮೊದಲು ಕೇಳಬೇಕು ಎಂಬುದು ಅವರ ಕಾಲದ ಪದ್ಧತಿ. ಅದನ್ನೇ ಇಲ್ಲಿಯೂ ನಡೆಸಿದರು.

"ಕೊನೆ ಗದ್ದೆ ನಿಂದು ಮಗ. ಯೋಳು, ನಿಂಗ್ ಯಾವತ್ತು ಬೇಕು?"

ಎಲ್ಲರೂ ಧನುಶ್ರೀಯತ್ತ ತಿರುಗಿದರು. ಅಮ್ಮ, ಚಿಕ್ಕಮ್ಮ, ಕಾಲು ಆಡಿಸುತ್ತಿದ್ದ ರಾಹುಲ್, ಎಲ್ಲರೂ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿರದ, ಭಾನುವಾರ ಬೆಳಿಗ್ಗೆ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಬೇರೊಂದು ಮಾತು ಅದನ್ನು ಹಿಂದೆ ಹಾಕಿ ಹೊರಗೆ ಬಂದುಬಿಟ್ಟಿತು.

"ನಂಗೇನೂ ಬೇಡ ತಾತ."

"ಏನೂ ನಾಟಿ ಇಲ್ವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

ಚಿಕ್ಕಮ್ಮ ಪಾಠವನ್ನು ಭಾನುವಾರಕ್ಕೆ ಹಾಕಿಕೊಂಡು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತಮಗೆ ಬೇಕು ಎಂದರು. ರಾಹುಲ್ ಸಂಜೆಗಳನ್ನು ಕೇಳಿಕೊಂಡ. ಎಲ್ಲವೂ ಸಲೀಸಾಗಿ ಮುಗಿಯಿತು. ಬೆಳೆ ಇಲ್ಲದ ಗದ್ದೆಗೆ ನೀರು ಹರಿದು ವ್ಯರ್ಥವಾಗಬಾರದು ಎಂದು ತಾತ ಮೊಮ್ಮಗನಿಗೆ ಹೇಳಿದರು. ರಾಹುಲ್ ಫೋನಿನಲ್ಲಿ ಒಂದು ಗುಂಡಿ ಒತ್ತಿದ. ಕೊನೆಯ ಕೋಣೆಯ ಕಂಪ್ಯೂಟರಿಗೆ ನೆಟ್ಟು ನಿಂತಿತು. ಮೊದಲು ಅಷ್ಟೋ ಇಷ್ಟೋ ಬರುತ್ತಿತ್ತು. ಈಗ ಸುತ್ತುವ ಚಕ್ರವೂ ಇಲ್ಲ.

ಆ ವಾರ ಧನುಶ್ರೀ ಹೇಳುವುದಕ್ಕೆ ಪ್ರಯತ್ನವನ್ನೇನೋ ಮಾಡಿದಳು. ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ನಿಂತು, ಭಾನುವಾರ ನಂಗೆ ನೆಟ್ ಬೇಕು, ಎಂದು ಸ್ಪಷ್ಟವಾಗಿ ಹೇಳಿದಳು. ಹಸು ಮೆಲುಕು ಹಾಕುತ್ತಾ ಕೇಳಿಸಿಕೊಂಡಿತು. ಅದೇ ಧೈರ್ಯದಲ್ಲಿ ಜಗಲಿಗೆ ಹೋದಳು. ಏನ್ ಮಗ ಎಂದು ತಾತ ತಲೆ ಎತ್ತಿದ ಕೂಡಲೇ, ಟೀ ಬೇಕಾ ತಾತ ಎಂದು ಕೇಳಿ ಒಳಗೆ ಓಡಿದಳು. ಮಾರನೆಯ ದಿನವೂ ಹೀಗೇ ಆಯಿತು. ತಾತ ಆ ವಾರ ಬೇಕಾದ್ದಕ್ಕಿಂತ ಹೆಚ್ಚು ಟೀ ಕುಡಿದರು. ಈ ಕೂಸು ಎಷ್ಟು ಚೆನ್ನಾಗಿ ನೋಡ್ಕತದೆ ಎಂದು ಬಂದವರ ಹತ್ತಿರ ಹೊಗಳಿದರು.

ಭಾನುವಾರ ಬಂತು. ಅಪ್ಪ ಸ್ಮಾರ್ಟ್‌ಫೋನನ್ನು ಜೇಬಿಗೆ ಹಾಕಿಕೊಂಡು ಫ್ಯಾಕ್ಟರಿಗೆ ಹೋಗಿದ್ದರು. ಅಮ್ಮ ತನ್ನ ಕೀಪ್ಯಾಡ್ ಫೋನನ್ನು ಮನೆಯಲ್ಲೇ ಬಿಟ್ಟು ಕಬ್ಬಿನ ಗದ್ದೆಗೆ ಹೋಗಿದ್ದಳು. ಧನುಶ್ರೀ ಕುಂಡಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಂದರಲ್ಲಿ ಟೊಮೆಟೊ ಸಸಿ ಎದ್ದಿತ್ತು, ಅದನ್ನು ನಡುವೆ ಇಟ್ಟಳು. ಯೂನಿಫಾರ್ಮ್ ಹಾಕಿಕೊಂಡು, ಜಡೆ ಹೆಣೆದುಕೊಂಡು, ನೆಟ್ಟಿಲ್ಲದ ಕಂಪ್ಯೂಟರಿನ ಮುಂದೆ ಕೂತಳು. ಯಾಕೆ ಕೂತಿದ್ದೇನೆ ಎಂದು ಅವಳಿಗೂ ತಿಳಿಯಲಿಲ್ಲ.

ಅಮ್ಮನ ಫೋನು ಹೊಡೆದುಕೊಂಡಿತು. ಸ್ನೇಹ.

"ಎಲ್ಲಿದ್ದೀಯೇ? ಶುರುವಾಗೋಯ್ತು. ನಮ್ಗಿಂತ ಮುಂಚೆ ಇನ್ನು ಕೆ.ಆರ್. ಪೇಟೆಯವ್ರು ಒಬ್ರೇ ಇರೋದು. ಬೇಗ ಜಾಯ್ನ್ ಆಗು."

"ನೆಟ್ ಇಲ್ಲ."

"ಯಾಕಿಲ್ಲ? ಮನೇಲಿ ಕೇಳಿದ್ಯಾ?"

ಧನುಶ್ರೀ ಟೊಮೆಟೊ ಸಸಿಯ ಕುಂಡವನ್ನು ಸ್ವಲ್ಪ ಆಚೆ ಸರಿಸಿ, ಮತ್ತೆ ಈಚೆ ಸರಿಸಿದಳು. ಸ್ನೇಹಳ ದನಿ ಸಣ್ಣಗೆ ಬಂತು.

"ನಾಗಮಂಗಲದಲ್ಲಿ ಕೂತ್ಕಂಡು ನಿನ್ ಬದ್ಲು ನಾನೆಂಗೇ ಕೈ ಎತ್ಲಿ?"

ಫೋನ್ ಇಟ್ಟ ಧನುಶ್ರೀ ಎದ್ದು ನಡುವಿನ ಕೋಣೆ ದಾಟಿ ಮುಂದಿನ ಕೋಣೆಗೆ ಬಂದಳು. ಚಿಕ್ಕಮ್ಮ ಪಾಠದಲ್ಲಿದ್ದರು. ಕ್ಯಾಮೆರಾದ ಕೆಳಗೆ ಕೆಂಪು ರೇಷ್ಮೆಯ ರವಿಕೆ ತೋಳು, ಅದರ ಮೇಲೆ ಅವರ ಬೆರಳು. ಸಂಜೆಯ ಸರದಿಗೆ ಇನ್ನೂ ತುಂಬಾ ಹೊತ್ತಿದ್ದ ರಾಹುಲ್ ಚಾಪೆಯ ಮೇಲೆ ಮಲಗಿ ತನ್ನ ಫೋನು ತಿಕ್ಕುತ್ತಿದ್ದ. ತೆರೆದ ಬಾಗಿಲಾಚೆ ಜಗಲಿಯಲ್ಲಿ ತಾತನ ಬೆನ್ನು ಕಾಣುತ್ತಿತ್ತು.

ಗೋಡೆಯ ಮೇಲೆ ವೈಫೈ ಡಬ್ಬಿಯ ಹಸಿರು ದೀಪಗಳು ಮಿನುಗುತ್ತಿದ್ದವು. ಅದರ ಪ್ಲಗ್ಗು ಅವಳ ಕೈಗೆ ಸಿಗುವ ಎತ್ತರದಲ್ಲೇ ಇತ್ತು. ಒಮ್ಮೆ ಎಳೆದು ಮತ್ತೆ ಹಾಕಿದರೆ ಎಲ್ಲರದೂ ನಿಂತು, ಆಮೇಲೆ ಎಲ್ಲರಿಗೂ ಬರಬಹುದೇನೋ. ಕರೆಂಟು ಹೋಯ್ತು ಅಂದುಕೊಳ್ಳುತ್ತಾರೆ. ಯಾರನ್ನೂ ಕೇಳಬೇಕಾಗಿಲ್ಲ. ಅವಳ ಕೈ ಪ್ಲಗ್ಗಿನವರೆಗೂ ಹೋಯಿತು.

ಚಿಕ್ಕಮ್ಮನ ಪರದೆಯಲ್ಲಿ ಚಿಕ್ಕ ಚಿಕ್ಕ ಚೌಕಗಳೊಳಗೆ ಹೆಂಗಸರು ತಲೆ ಬಗ್ಗಿಸಿ ಹೊಲಿಯುತ್ತಿದ್ದರು. ಒಬ್ಬಳ ಮಡಿಲಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಧನುಶ್ರೀ ಕೈ ಕೆಳಗಿಳಿಸಿದಳು.

ಚಿಕ್ಕಮ್ಮ ಸೂಜಿಯಿಂದ ಕಣ್ಣು ತೆಗೆಯದೆ ಏನ್ ಧನು ಎಂದರು.

"ಏನೂ ಇಲ್ಲ ಚಿಕ್ಕಮ್ಮ."

ಯೋಚಿಸುವ ಮೊದಲೇ ಬಂದುಬಿಟ್ಟಿತ್ತು. ಅವಳು ಹಿಂದೆ ತಿರುಗಿದಳು. ಅವಳಿಗೆ ದಾರಿಯಾಗಲೆಂದು ರಾಹುಲ್ ಮಲಗಿದ್ದಲ್ಲೇ ಕಾಲು ಮಡಿಸಿಕೊಂಡ.

ಆಗ ಹಿಂದಿನಿಂದ ಒಂದು ದನಿ ಕೇಳಿಸಿತು. ಪರದೆಯೊಳಗಿನ ಯಾರೋ ಹೆಂಗಸು.

"ಅಕ್ಕಾ, ನಂಗೆ ಆ ಗಂಟು ತಿಳೀನೇ ಇಲ್ಲ. ಇನ್ನೊಂದ್ಸಲ ತೋರ್ಸಿ."

ಬೈಯುತ್ತಾರೇನೋ ಎಂದು ಧನುಶ್ರೀ ನಿಂತಳು. ಚಿಕ್ಕಮ್ಮ ಬೈಯಲಿಲ್ಲ. ನಿಟ್ಟುಸಿರನ್ನೂ ಬಿಡಲಿಲ್ಲ. ಹಾಕಿದ್ದ ಗಂಟನ್ನು ಸೂಜಿಯ ತುದಿಯಿಂದ ಬಿಚ್ಚಿ, ನೂಲನ್ನು ನೀವಿ, ಮೊದಲಿನಿಂದ ತೋರಿಸತೊಡಗಿದರು. ಆ ಹೆಂಗಸು ಹಾಂ ಹಾಂ ಎಂದಳು. ಅಷ್ಟೇ ಆಗಿದ್ದು. ಮಿಕ್ಕವರೂ ತಲೆ ಎತ್ತಿ ಮತ್ತೊಮ್ಮೆ ನೋಡಿಕೊಂಡರು.

ಧನುಶ್ರೀ ಹೊಸ್ತಿಲ ಮೇಲೆ ನಿಂತೇ ಇದ್ದಳು. ತಾತ ಎಲ್ಲರಿಗಿಂತ ಮೊದಲು ತನ್ನನ್ನೇ ಕೇಳಿದ್ದರು. ಚಿಕ್ಕಮ್ಮ ಈಗಷ್ಟೇ ಕೇಳಿದ್ದರು. ಅಮ್ಮನಂತೂ ದಿನಾ ಕೇಳುತ್ತಾಳೆ. ಕೇಳದೆ ಬಿಟ್ಟವರು ಯಾರು ಎಂದು ಅವಳು ಮನಸ್ಸಿನಲ್ಲೇ ಹುಡುಕಿದಳು. ಈ ಮನೆಯಲ್ಲಿ ಅಂಥವರು ಯಾರೂ ಸಿಗಲಿಲ್ಲ.

ಅಮ್ಮನ ಫೋನು ಕೊನೆಯ ಕೋಣೆಯಲ್ಲಿ ಮತ್ತೆ ಹೊಡೆದುಕೊಳ್ಳತೊಡಗಿತು.

"ಚಿಕ್ಕಮ್ಮ."

ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಪರದೆಯೊಳಗಿನ ಹೆಂಗಸರು ತಲೆ ಎತ್ತಿದರು. ರಾಹುಲ್ ಎದೆಯ ಮೇಲೆ ಫೋನು ಇಟ್ಟುಕೊಂಡ. ಜಗಲಿಯಲ್ಲಿ ತಾತ ಇತ್ತ ತಿರುಗಿದರು.

"ಏನೂ ಇಲ್ಲ ಅಂದಿದ್ದು ಸುಳ್ಳು," ಎಂದಳು ಧನುಶ್ರೀ. "ನಂಗೂ ನೆಟ್ ಬೇಕು. ಈಗ್ಲೇ ಬೇಕು."