ನಾಲ್ಕನೇ ದಿನದ ಸಗಣಿ

"ಅಜ್ಜೀ! ಅದು ಯಾವ ಹಸುದು?"

ತೆನ್ಮೊಳಿ ಕೂಗಿದ ಕೂಗಿಗೆ ಅಂಗಳದಲ್ಲಿದ್ದ ಕೋಳಿಗಳೆಲ್ಲ ದಿಕ್ಕಾಪಾಲಾದವು. ಅಜ್ಜಿ ಸುಬ್ಬಾತಾಳ್ ಮಾತ್ರ ಬೆಚ್ಚಲಿಲ್ಲ. ಸೊಂಟ ಬಗ್ಗಿಸಿ, ಬಕೆಟ್ಟಿಗೆ ಕೈ ಅದ್ದಿ, ಸಗಣಿ ನೀರನ್ನು ಬಾಗಿಲ ಮುಂದೆ ಚಿಮುಕಿಸುತ್ತಲೇ ಇದ್ದಳು. ಅರ್ಧ ಅಂಗಳ ಆಗಲೇ ಹಸಿರಾಗಿತ್ತು.

"ಯಾವ ಹಸುದಾದ್ರೆ ಏನು ಕಣ್ಣು? ಸಾಣಿ ಅಂದ್ರೆ ಸಾಣಿ." ಮೊಮ್ಮಗಳನ್ನು ಅಜ್ಜಿ ಮುದ್ದಿನಿಂದ ಕಣ್ಣು ಎಂದೇ ಕರೆಯುವುದು.

"ಮಯಿಲೆದಾ, ಸೆವಲೆದಾ? ಅದನ್ನ ಹೇಳು ಅಜ್ಜಿ!"

"ಸೆವಲೆನ ನಿಮ್ಮಪ್ಪ ಆಗ್ಲೇ ಮೇಯೋಕೆ ಓಡಿಸ್ಕಂಡು ಹೋದ. ಪಂಚಾಯ್ತಿ ಆಫೀಸಿಗೆ ಹೋಗ್ಬೇಕಂತೆ. ಮಯಿಲೆ ಈಗ ತಾನೆ ಹಾಕ್ತು, ಬಿಸಿ ಬಿಸಿಯಾಗಿ. ಎತ್ಕಂಡು ಬಂದೆ. ಇವತ್ತು ವೆಳ್ಳಿಕಿಳಮೆ ಕಣ್ಣು. ಶುಕ್ರವಾರದ ದಿನ ವಾಸಲಿಗೆ ಸಾಣಿ ನೀರು ಹಾಕ್ದೆ ಇರಕ್ಕಾಗುತ್ತಾ?"

ತೆನ್ಮೊಳಿ ಬಕೆಟ್ಟಿನೊಳಗೆ ಇಣುಕಿ, ತಲೆಯ ಮೇಲೆ ಕೈ ಹೊತ್ತಳು.

ಸಗಣಿಗೆ ಯಾರಾದರೂ ಇಷ್ಟು ಗಾಬರಿಯಾಗುತ್ತಾರೆಯೇ ಎಂದು ನಗಬೇಡಿ. ಅದು ಅಂಥಿಂಥ ಸಗಣಿಯಲ್ಲ. ನೋಟ್‌ಬುಕ್ಕಿನಲ್ಲಿ ಗ್ರಾಂ ಲೆಕ್ಕದಲ್ಲಿ ಬರೆದಿಡುವ ಸಗಣಿ. ಅದಕ್ಕೆ ಮುಚ್ಚಳವಿರುವ ನೀಲಿ ಬಕೆಟ್ಟು ಬೇರೆ ಇತ್ತು. ಆ ಬಕೆಟ್ಟಿನ ಜವಾಬ್ದಾರಿ ಐದನೇ ಕ್ಲಾಸಿನ ತೆನ್ಮೊಳಿಯದು.

ಇದೆಲ್ಲ ಶುರುವಾದದ್ದು ಸೋಮವಾರ. ತಮಿಳು ಸೀಮೆಯ ವೆಳ್ಳಕೋಯಿಲ್ ಹತ್ತಿರದ ಅವರ ತೋಟಕ್ಕೆ ಅಂದು ಕೃತ್ತಿಕಾ ಅಕ್ಕ ಸ್ಕೂಟಿಯಲ್ಲಿ ಬಂದಿದ್ದಳು. ಹಸುಗಳು ಏನು ತಿಂದರೆ ಒಳ್ಳೆಯದು ಎಂದು ರಿಸರ್ಚ್ ಮಾಡುವವಳು. ಮಂಡ್ಯದ ಕಡೆಯ ಹುಡುಗಿ, ತಮಿಳು ಮಾತಾಡಲು ತಡವರಿಸುತ್ತಿದ್ದಳು. ಈ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ ಎಂದು ಗೊತ್ತಾದಾಗ ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ಆದರೆ ಅವಳ ಕನ್ನಡವೇ ಬೇರೆ, ಇವರ ಕನ್ನಡವೇ ಬೇರೆ. ಅವಳು ಸಗಣಿ ಎಂದರೆ ಇವರು ಸಾಣಿ ಎನ್ನುತ್ತಿದ್ದರು.

ಅಲ್ಲಿಯ ಹೊಲಗಳ ಪಕ್ಕದಲ್ಲಿ ಮುಳ್ಳುಬೇಲಿ ಬೆಳೆಸಿದ ಮೇವಿನ ಕಾಡುಗಳಿವೆ. ಕೊರಂಗಾಡು ಅನ್ನುತ್ತಾರೆ. ಅದರ ತುಂಬ ಬಿಳಿಜಾಲಿ ಮರ. ಮರದ ಕಾಯಿ ಉದುರಿದರೆ ಹಸುಗಳು ಹುಡುಕಿ ಹುಡುಕಿ ತಿನ್ನುತ್ತವೆ. ಆ ಕಾಯನ್ನೇ ಒಣಗಿಸಿ, ಪುಡಿ ಮಾಡಿ, ತವುಡಿನ ಜೊತೆ ಕೊಟ್ಟರೆ ಅಂಗಡಿಯಿಂದ ತರುವ ಚೀಲದ ಮೇವನ್ನು ಕಡಿಮೆ ಮಾಡಬಹುದೇ? ಇದು ಅಕ್ಕನ ಪ್ರಶ್ನೆ. ಅದಕ್ಕಾಗಿ ನಾಲ್ಕು ಮನೆಗಳಲ್ಲಿ ನಾಲ್ಕು ಹಸುಗಳನ್ನು ಆರಿಸಿದ್ದಳು. ಅವುಗಳಲ್ಲಿ ಮಯಿಲೆಯೂ ಒಂದು.

"ನಾಳೆಯಿಂದ ಐದು ದಿನ ಮಯಿಲೆ ಕೊಟ್ಟಿಗೆಯಲ್ಲೇ ಇರಬೇಕು," ಎಂದಿದ್ದಳು ಅಕ್ಕ. "ತಿಂದಿದ್ದನ್ನೆಲ್ಲ ತೂಗೋಣ. ಹಾಕಿದ ಸಗಣೀನೂ ತೂಗೋಣ. ಅದರಲ್ಲಿ ಇದನ್ನು ಕಳೆದರೆ ಎಷ್ಟು ಮೈಗೆ ಹತ್ತಿತು ಅಂತ ಗೊತ್ತಾಗುತ್ತೆ."

"ಹಂಗಾದ್ರೆ ಇವಳನ್ನೂ ತೂಗು ಅಮ್ಮಣಿ," ಎಂದು ಅಜ್ಜಿ ತೆನ್ಮೊಳಿಯ ಕಡೆ ಕೈ ತೋರಿಸಿದ್ದಳು. "ಎಷ್ಟು ತಿಂದ್ರೂ ಮೈಗೆ ಹತ್ತಲ್ಲ."

ಎಲ್ಲರೂ ನಕ್ಕಿದ್ದರು. ರಾತ್ರಿಯ ಸಗಣಿ ಬಾಚಿ ನೀಲಿ ಬಕೆಟ್ಟಿಗೆ ಹಾಕುವುದು ಅಪ್ಪನ ಪಾಲು, ಹಗಲಿನದು ಅಮ್ಮನ ಪಾಲು, ಬೆಳಿಗ್ಗೆ ಸಂಜೆ ತೆನ್ಮೊಳಿಯ ಪಾಲು. ಬಕೆಟ್ಟನ್ನು ಅಕ್ಕನಿಗೆ ಒಪ್ಪಿಸುವುದೂ ತೆನ್ಮೊಳಿಯೇ. ಅಕ್ಕ ನೋಟ್‌ಬುಕ್ಕಿನಲ್ಲಿ ಮಯಿಲೆಯ ಹೆಸರಿನ ಕೆಳಗೆ ಅವಳ ಹೆಸರನ್ನೂ ಬರೆದಳು. ತೆನ್ಮೊಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅದಕ್ಕೆ ಅಕ್ಕ ಕಷ್ಟಪಟ್ಟು ತಮಿಳಿನಲ್ಲಿ ಬರೆದಳು. ಒಂದು ಅಕ್ಷರ ತಪ್ಪಾಗಿತ್ತು. ತೆನ್ಮೊಳಿ ತಿದ್ದಲು ಹೋಗಲಿಲ್ಲ, ಅಷ್ಟು ಹೆಮ್ಮೆಯಾಗಿತ್ತು ಅವಳಿಗೆ.

ಶಾಲೆಯಲ್ಲಿ ವಿಷಯ ಹಬ್ಬಿ, ಅವಳ ಕ್ಲಾಸಿನ ಗೋಕುಲ್ ಅವಳಿಗೆ 'ಸಾಣಿ ಕಲೆಕ್ಟರ್' ಎಂದು ಹೆಸರಿಟ್ಟಿದ್ದ. ಅವಳೇನೂ ಬೇಜಾರು ಮಾಡಿಕೊಂಡಿರಲಿಲ್ಲ. ಕಲೆಕ್ಟರ್ ಅಂದರೆ ಕಲೆಕ್ಟರೇ ತಾನೆ!

ಈಗ ಆ ಕಲೆಕ್ಟರಮ್ಮ ಅಳುವ ಮುಖ ಮಾಡಿಕೊಂಡು ಅಂಗಳದಲ್ಲಿ ನಿಂತಿದ್ದಳು.

"ಅಕ್ಕ ಹೇಳಿರಲಿಲ್ವಾ ಅಜ್ಜಿ? ಮಯಿಲೆ ಸಾಣಿ ಒಂದು ಚೂರೂ ಬಿಸಾಡಬೇಡಿ ಅಂತ?"

"ಆಮಾ, ಬಿಸಾಡಬೇಡಿ ಅಂದ್ಲು. ನಾನೆಲ್ಲಿ ಬಿಸಾಡ್ದೆ? ವಾಸಲಿಗಲ್ವಾ ಹಾಕ್ದೆ!"

ಅಜ್ಜಿ ರಂಗೋಲಿ ಡಬ್ಬಿ ತರಲು ಒಳಗೆ ಹೋದಳು.

ಆಗ ಆರೂ ಮುಕ್ಕಾಲು. ಏಳು ಗಂಟೆಗೆ ಸರಿಯಾಗಿ ಅಕ್ಕ ಬರುತ್ತಾಳೆ. ಐದು ದಿನದಲ್ಲಿ ಒಂದು ದಿನದ ಸಗಣಿ ಕಡಿಮೆಯಾದರೂ ಆ ಹಸುವಿನ ಲೆಕ್ಕ ಪೂರ್ತಿ ಹಾಳು, ಮತ್ತೆ ಮೊದಲಿಂದ ತೂಗಬೇಕು ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಯೋಚಿಸುತ್ತಿರುವಾಗಲೇ ದೂರದಲ್ಲಿ ಸ್ಕೂಟಿಯ ಸದ್ದು ಕೇಳಿಸಿತು.

ತೆನ್ಮೊಳಿ ತಿಪ್ಪೆಯ ಹತ್ತಿರ ಓಡಿದಳು. ನಿನ್ನೆ ಸಂಜೆ ಸೆವಲೆ ಹಾಕಿದ್ದು ಮೇಲುಗಡೆಯೇ ಇತ್ತು. ಎರಡೂ ಕೈಯಲ್ಲಿ ಬಾಚಿ ತಂದು ನೀಲಿ ಬಕೆಟ್ಟಿಗೆ ಹಾಕಿದಳು. ಸಾಲದೇನೋ ಅನ್ನಿಸಿ ಇನ್ನೊಮ್ಮೆ ಬಾಚಿ ತಂದಳು. ಚೆನ್ನಾಗಿ ಕಲಸಿ, ಮುಚ್ಚಳ ಹಾಕಿ, ತೊಟ್ಟಿಯ ನೀರಲ್ಲಿ ಕೈ ತೊಳೆದುಕೊಂಡಳು.

ಅಕ್ಕ ಬಂದು ಬಕೆಟ್ಟನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದಳು. ಅಂಕಿಗಳು ಓಡಿ ನಿಂತವು.

"ಬಕೆಟ್ ತೂಕ ಕಳೆದ್ರೆ ಹನ್ನೊಂದು ಕೆಜಿ ನಾನೂರು ಗ್ರಾಂ. ನಿನ್ನೆ ಹನ್ನೊಂದು ಇನ್ನೂರು. ಸೂಪರ್ ತೆನ್ಮೊಳಿ! ನಾಲ್ಕು ಮನೇಲೂ ನಿನ್ನ ಲೆಕ್ಕಾನೇ ನೀಟು."

ತೆನ್ಮೊಳಿ ನೆಲ ನೋಡಿದಳು.

ಅಕ್ಕ ಒಂದು ಚಮಚ ಸಗಣಿಯನ್ನು ಲ್ಯಾಬಿಗೆಂದು ಪುಟ್ಟ ಕವರಿಗೆ ಹಾಕಿ, ಐಸ್ ಡಬ್ಬಿಯೊಳಗಿಟ್ಟಳು. "ಇನ್ನು ನಾಳೆ ಒಂದೇ ದಿನ. ಭಾನುವಾರ ಬೆಳಿಗ್ಗೆ ಊರಿಗೆ ಹೋಗ್ತೀನಿ. ಅಮ್ಮನ್ನ ನೋಡಿ ನಾಲ್ಕು ತಿಂಗಳಾಯ್ತು ಗೊತ್ತಾ?" ಎಂದು ಸಿಳ್ಳೆ ಹಾಕುತ್ತ ಮುಂದಿನ ಮನೆಗೆ ಹೊರಟಳು.

ಶಾಲೆಯಲ್ಲಿ ಗೋಕುಲ್ ಎಂದಿನಂತೆ ಕಾಯುತ್ತಿದ್ದ. "ಕಲೆಕ್ಟರಮ್ಮಾ, ಇನ್ನಿಕ್ಕಿ ಎತ್ತನೆ ಕಿಲೋ?" ಎಂದು ತಮಿಳಿನಲ್ಲಿ ಕೇಳಿದ. ಇವತ್ತು ಎಷ್ಟು ಕಿಲೋ ಎಂದು. ಬೇರೆ ದಿನವಾಗಿದ್ದರೆ "ನಿನ್ನ ತೂಕದ ಅರ್ಧ" ಎಂದು ತಿರುಗೇಟು ಕೊಡುತ್ತಿದ್ದಳು. ಇವತ್ತು ಚೀಲ ಎತ್ತಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತಳು. ಗೋಕುಲ್‌ಗೇ ಗಾಬರಿಯಾಗಿ, "ಜ್ವರವಾ?" ಎಂದು ಕೇಳಿ ಸುಮ್ಮನಾದ.

ಬರೀ ಎರಡು ಬೊಗಸೆ, ಅದೂ ಹಸುವಿನದೇ ಸಗಣಿ, ಏನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಅದನ್ನು ನಂಬಲು ಅವಳಿಗೇ ಆಗಲಿಲ್ಲ.

ಸಂಜೆ ಅಕ್ಕ ಮೇವು ತೂಗಲು ಬಂದಾಗ ಅಪ್ಪ ದೊರೈಸಾಮಿ ಸೆವಲೆಯನ್ನು ಹಿಡಿದುಕೊಂಡು ಬರುತ್ತಿದ್ದ. ಸೆವಲೆ ಗಬ್ಬದ ಹಸು. ಇನ್ನೊಂದು ತಿಂಗಳಿಗೆ ಕರು ಹಾಕುತ್ತದೆ. ನಡೆಯುವಾಗ ಹೊಟ್ಟೆ ಆ ಕಡೆ ಈ ಕಡೆ ತೊನೆಯುತ್ತಿತ್ತು.

"ಮೇಡಂ, ನಿಮ್ಮ ಲೆಕ್ಕ ನಾಳೆ ಮುಗಿಯುತ್ತಲ್ವಾ? ಆಮೇಲೆ ಇವಳಿಗೂ ಆ ಕಾಯಿ ಪುಡಿ ಶುರು ಮಾಡ್ಬೌದಾ?" ಎಂದು ಅಪ್ಪ ಕೇಳಿದ.

"ಸ್ವಲ್ಪ ತಡೀರಿ ಅಣ್ಣ. ಆ ಕಾಯಿ ತುಂಬ ಒಗರು. ಜಾಸ್ತಿ ಆದ್ರೆ ತಿಂದ ಮೇವು ಹೊಟ್ಟೆಯಲ್ಲಿ ಕರಗಲ್ಲ. ಇವಳು ಬೇರೆ ಗಬ್ಬ. ಎಷ್ಟು ಸಾಕು, ಎಷ್ಟಾದ್ರೆ ಜಾಸ್ತಿ ಅಂತ ಲೆಕ್ಕ ನೋಡಿ ಹೇಳ್ತೀನಿ. ಅದಕ್ಕೇ ಅಲ್ವಾ ಇಷ್ಟೆಲ್ಲ ತೂಗೋದು?"

"ಸೆರಿ ಮೇಡಂ. ನೀವು ಎಷ್ಟು ಹೇಳ್ತೀರೋ ಅಷ್ಟೇ ಹಾಕ್ತೀನಿ. ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಮ್ಮಿ ಇಲ್ಲ."

ಅಪ್ಪ ಹೇಳಿದ ಮೇಲೆ ಹಾಗೆಯೇ ಮಾಡುತ್ತಾನೆ, ತೆನ್ಮೊಳಿಗೆ ಗೊತ್ತು. ಅಪ್ಪ ಅಕ್ಕನ ಲೆಕ್ಕವನ್ನು ನಂಬುತ್ತಾನೆ. ಸೆವಲೆಗೆ ಲೆಕ್ಕ ಗೊತ್ತಿಲ್ಲ, ಅಪ್ಪ ಹಾಕಿದ್ದನ್ನು ತಿನ್ನುತ್ತದೆ. ಆ ಲೆಕ್ಕದೊಳಗೆ ಅವಳು ಕಲಸಿದ ಎರಡು ಬೊಗಸೆ ಕೂತಿತ್ತು.

ಹೇಳಿಬಿಡಬೇಕು. ಹೇಳಿದರೆ ಅಕ್ಕ ಊರಿಗೆ ಹೋಗುವಂತಿಲ್ಲ. ಹೇಳದಿದ್ದರೆ ಸೆವಲೆಯ ಗತಿ? ತೆನ್ಮೊಳಿ ಅಕ್ಕನ ಹತ್ತಿರ ಹೋದಳು.

"ಅಕ್ಕಾ, ಇವತ್ತಿಂದು ತಪ್ಪು."

"ಏನು ತಪ್ಪು?"

"ಹನ್ನೊಂದು ನಾನೂರು. ಅದು ಪೂರ್ತಿ ಮಯಿಲೆದಲ್ಲ. ಬೆಳಿಗ್ಗೆ ಹಾಕಿದ್ದು ವಾಸಲಿಗೆ ಹೋಯ್ತು. ನಾನು ತಿಪ್ಪೆಯಿಂದ ಸೆವಲೆದು ತಂದು ಸೇರಿಸ್ದೆ. ಎರಡು ಸಲ." ಒಂದೇ ಉಸಿರಿಗೆ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಕೆನ್ನೆ ಒದ್ದೆಯಾಗಿತ್ತು.

ಅಪ್ಪ ಹಗ್ಗ ಹಿಡಿದುಕೊಂಡು ನಿಂತಲ್ಲೇ ನಿಂತ. ಅಜ್ಜಿ ಹೊರಗೆ ಬಂದು ಬಾಯಿ ಹಾಕಿದಳು. "ಅವಳನ್ನ ಬಯ್ಯಬೇಡ ಅಮ್ಮಣಿ. ಎತ್ತಿದ್ದು ನಾನು. ಬಿಸಾಡಬೇಡಿ ಅಂದ್ಯಲ್ಲ, ಬಿಸಾಡಿಲ್ಲ. ಬೇಕಾದ್ರೆ ವಾಸಲಿಂದ ಕೆರೆದು ಕೊಡ್ತೀನಿ."

ಅಕ್ಕ ಬೋರಲು ಹಾಕಿದ್ದ ಬುಟ್ಟಿಯ ಮೇಲೆ ಕುಳಿತು ನೋಟ್‌ಬುಕ್ ತೆರೆದಳು. ನಾಲ್ಕನೇ ದಿನದ ಸಾಲಿನ ಮೇಲೆ ಬೆರಳಿಟ್ಟಳು.

"ನಿನ್ನೆ ಹನ್ನೊಂದು ಇನ್ನೂರು, ಇವತ್ತು ಹನ್ನೊಂದು ನಾನೂರು," ಎಂದು ಮೆಲ್ಲಗೆ ಓದಿದಳು. "ನೋಡಿದ್ರೆ ಯಾರಿಗೂ ಗೊತ್ತಾಗಲ್ಲ."

ಅದನ್ನು ಅವಳು ಯಾರಿಗೂ ಹೇಳಿದ್ದಲ್ಲ. ಪೆನ್ನಿನ ಕ್ಯಾಪ್ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಪಕ್ಕದಲ್ಲಿ ಮಯಿಲೆ ತೊಟ್ಟಿ ನೆಕ್ಕುತ್ತಿತ್ತು.

ತೆನ್ಮೊಳಿ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಬೆಳಿಗ್ಗೆ ತಿಪ್ಪೆಯ ಪಕ್ಕದಲ್ಲಿ ನಿಂತಿದ್ದಾಗ ತನ್ನ ಮುಖವೂ ಹೀಗೇ ಇದ್ದಿರಬೇಕು ಅನ್ನಿಸಿತು. ಅಕ್ಕನಷ್ಟು ದೊಡ್ಡವರಿಗೂ, ಅಷ್ಟು ಓದಿದವರಿಗೂ ಹೀಗಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಅಕ್ಕ ಆ ಅಂಕಿಯ ಮೇಲೆ ಒಂದು ಗೆರೆ ಎಳೆದಳು. ಹಿಂದಿನ ಮೂರು ದಿನದ ಮೇಲೂ ಎಳೆದಳು. ಐಸ್ ಡಬ್ಬಿಯಿಂದ ಕವರನ್ನು ತೆಗೆದು ತಿಪ್ಪೆಗೆ ಎಸೆದಳು.

"ನಾಳೆಯಿಂದ ಮತ್ತೆ ಒಂದನೇ ದಿನ. ಅಜ್ಜಿ, ಈ ಸಲ ಸರಿಯಾಗಿ ಹೇಳ್ತೀನಿ. ಮಯಿಲೆ ಸಗಣಿ ಬಿಸಾಡೋದೂ ಬೇಡ, ಮುಟ್ಟೋದೂ ಬೇಡ."

"ಹಂಗೆ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ ಅಮ್ಮಣಿ," ಎಂದಳು ಅಜ್ಜಿ.

"ಮೇಡಂ, ನೀವು ಊರಿಗೆ ಹೋಗ್ಬೇಕಿತ್ತಲ್ವಾ?" ಎಂದು ಅಪ್ಪ ಮೆಲ್ಲಗೆ ಕೇಳಿದ. ಅಕ್ಕ ಫೋನ್ ತೆಗೆದುಕೊಂಡು ಬೇಲಿಯ ಕಡೆ ನಡೆದಳು. ಆ ತೋಟದಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಅಲ್ಲೊಂದು ಚಪ್ಪಡಿ ಕಲ್ಲಿತ್ತು, ಅದರ ಮೇಲೆ ಕುಳಿತಳು.

"ಅಮ್ಮಾ, ಈ ವಾರ ಬರೋಕಾಗಲ್ಲ. ಇಲ್ಲಮ್ಮ, ಹುಷಾರಾಗೇ ಇದೀನಿ. ಒಂದು ಹಸುವಿನ ಲೆಕ್ಕ ಮೊದಲಿಂದ ಮಾಡ್ಬೇಕು. ಯಾರೂ ಏನೂ ಮಾಡಿಲ್ಲಮ್ಮ, ನಾನೇ ಸರಿಯಾಗಿ ಹೇಳಿರಲಿಲ್ಲ."

ಆಮೇಲೆ ಬಹಳ ಹೊತ್ತು ಬರೀ ಹ್ಞೂಂ, ಹ್ಞೂಂ.

ತೆನ್ಮೊಳಿ ಕಣ್ಣೊರೆಸಿಕೊಂಡು ಅಲ್ಲಿಗೆ ಹೋದಳು. ಸಾರಿ ಎನ್ನಬೇಕು ಎಂದುಕೊಂಡಿದ್ದಳು, ಹತ್ತಿರ ಹೋದಾಗ ಆ ಮಾತು ಯಾಕೋ ತೀರಾ ಚಿಕ್ಕದು ಅನ್ನಿಸಿತು. ಅಕ್ಕ ಕಲ್ಲಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. ತೆನ್ಮೊಳಿ ಪಕ್ಕದಲ್ಲಿ ಕುಳಿತಳು.

ಫೋನಿನೊಳಗಿನ ಅಮ್ಮನ ದನಿ ಅವಳಿಗೂ ಕೇಳಿಸುತ್ತಿತ್ತು. "ಮುಂದಿನ ವಾರನಾದ್ರೂ ಬರ್ತೀಯೋ ಇಲ್ವೋ ಹೇಳು."

ಅಕ್ಕ ತೆನ್ಮೊಳಿಯ ಮುಖ ನೋಡಿದಳು. ತೆನ್ಮೊಳಿ ಮನಸ್ಸಿನಲ್ಲೇ ದಿನ ಎಣಿಸುತ್ತ ಬೆರಳು ಮಡಿಸಿದಳು. ನಾಳೆ, ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ. ಆಮೇಲೆ ಹೌದೆಂದು ತಲೆಯಾಡಿಸಿದಳು.

"ಬರ್ತೀನಮ್ಮಾ," ಎಂದಳು ಅಕ್ಕ.